ನಂಬಿಕೆ ಬೇಡದ ನಾಣ್ಯ

ಹಣವೆಂದರೆ ಹೆಣವೂ ಬಾಯಿಬಿಡುತ್ತದೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಗಾದೆ. ಹಿರಿಯರ ಮಾತಿಗೆ ಅಪವಾದ ಹುಡುಕುವುದು ವಿದ್ಯಾರ್ಥಿಗಳ ಹುಟ್ಟುಗುಣವೆಂದು ನಮ್ಮ ಅಧ್ಯಾಪಕರು ಆಗಾಗ ಹೇಳುವುದುಂಟು. ಆದರೆ ಈ ಗಾದೆಯ ಅಪವಾದವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದು ನನ್ನ ಸೋದರಮಾವನ ಮನೆಯ ಅಟ್ಟದ ಮೇಲೆ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಧೂಳು ಕುಡಿಯುತ್ತ ಕುಳಿತಿತ್ತು. ಇಲ್ಲಿ ಬಾಯಿಬಿಡಬೇಕಾದದ್ದು ಹೆಣವಲ್ಲ, ಹಣವೇ. ಒಡೆಯನು ಜೀವಸಹಿತ ಎದುರಿಗೆ ನಿಂತು ‘ನಾನೇ ನಿನ್ನ ಒಡೆಯ’ ಎಂದು ಅಂಗಲಾಚಿದರೂ ಅದು ಬಾಯಿಬಿಡುವುದಿಲ್ಲ. ಅದಕ್ಕೆ ಮುಖದ ಗುರುತಿಲ್ಲ, ಸಹಿಯ ಗುರುತಿಲ್ಲ, ಊರ ಹಿರಿಯರ ಸಾಕ್ಷಿ ಬೇಕಿಲ್ಲ. ಬೇಕಾದದ್ದು ಒಂದೇ, ಕೀಲಿಕೈ. ಅದು ಹೋಯಿತೆಂದರೆ ಎಲ್ಲವೂ ಹೋದಂತೆಯೇ.

ಬಿಟ್‌ಕಾಯಿನ್ ಎಂಬ ಹೆಸರನ್ನು ಕೇಳದವರು ಈಗ ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ. ಅದೇನೆಂದು ಬಲ್ಲವರು ಮಾತ್ರ ಕಡಮೆ. ನಾನಾದರೋ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿ. ಗಣಿತಕ್ಕೂ ನನಗೂ ಹತ್ತನೆಯ ತರಗತಿಯಲ್ಲಿಯೇ ಪರಸ್ಪರ ಒಪ್ಪಿಗೆಯ ಮೇರೆಗೆ ವಿಯೋಗವಾಯಿತು. ಆದ್ದರಿಂದ ಇಲ್ಲಿ ಶಾಸ್ತ್ರವನ್ನು ಬೋಧಿಸುವ ಹಂಬಲ ನನಗಿಲ್ಲ. 2025ರ ಬೇಸಿಗೆಯ ರಜೆಯಲ್ಲಿ ಕಣ್ಣಾರೆ ಕಂಡದ್ದನ್ನು, ಅದನ್ನು ಅರ್ಥಮಾಡಿಕೊಳ್ಳುವುದಕ್ಕಾಗಿ ಓದಿ ತಿಳಿದದ್ದನ್ನು, ಸಹಪಾಠಿಗಳ ಮುಂದೆ ಇಡುತ್ತೇನೆ, ಅಷ್ಟೆ.

ನಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿಯ ನೋಟನ್ನು ತೆಗೆದು ನೋಡಿ. ಅದರ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರು ಕೊಟ್ಟ ವಚನವೂ ಅವರ ಸಹಿಯೂ ಇರುತ್ತವೆ. ಕಾಗದಕ್ಕೆ ಬೆಲೆಯಿಲ್ಲ; ವಚನಕ್ಕೆ ಬೆಲೆ. ಹಣವೆಂಬುದು ಮೂಲತಃ ನಂಬಿಕೆ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕೇಳಿದ್ದೇವೆ. 2008ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ತರಗೆಲೆಗಳಂತೆ ಉದುರಿದಾಗ ಈ ನಂಬಿಕೆಗೆ ಪೆಟ್ಟು ಬಿದ್ದಿತು. ಅದೇ ವರ್ಷದ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಒಬ್ಬರು ಒಂಬತ್ತು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆ ಹೆಸರಿನ ಹಿಂದಿರುವವರು ಗಂಡಸೋ ಹೆಂಗಸೋ, ಒಬ್ಬರೋ ಹಲವರೋ ಎಂಬುದು ಇಂದಿಗೂ ಬಯಲಾಗಿಲ್ಲ. ಪ್ರಬಂಧದ ಸಾರಾಂಶವಿಷ್ಟು: ಹಣ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಬ್ಯಾಂಕು ಬೇಡ, ಯಾರನ್ನೂ ಯಾರೂ ನಂಬುವ ಅಗತ್ಯ ಬೇಡ, ನಂಬಿಕೆಯ ಸ್ಥಾನದಲ್ಲಿ ಗಣಿತದ ಪ್ರಮಾಣವನ್ನು ಕೂರಿಸೋಣ.

ಕೂರಿಸಿದ ಬಗೆ ಹೀಗೆ. ಜಗತ್ತಿನ ವ್ಯವಹಾರವನ್ನೆಲ್ಲ ಬರೆಯುವ ಒಂದು ಖಾತೆಪುಸ್ತಕವಿದೆ ಎಂದುಕೊಳ್ಳಿ. ಅದು ಯಾವ ಶಾನುಭೋಗನ ವಶದಲ್ಲಿಯೂ ಇಲ್ಲ. ಬೇಕೆಂದವರೆಲ್ಲರೂ ತಮ್ಮ ಕಂಪ್ಯೂಟರಿನಲ್ಲಿ ಅದರ ಪೂರ್ತಿ ಪ್ರತಿಯನ್ನು ಇಟ್ಟುಕೊಳ್ಳಬಹುದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಆ ಪುಸ್ತಕಕ್ಕೆ ಒಂದು ಹೊಸ ಪುಟ ಸೇರುತ್ತದೆ. ಹೊಸ ಪುಟವನ್ನು ಸೇರಿಸುವ ಅಧಿಕಾರ ಯಾರಿಗೆ? ಒಂದು ಸಂಖ್ಯೆಯನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದವರಿಗೆ. ಆ ಸಂಖ್ಯೆಯನ್ನು ಜಾಣತನದಿಂದ ಕಂಡುಹಿಡಿಯಲು ಬಾರದು. ಒಂದಾದ ಮೇಲೊಂದು ಊಹೆ ಮಾಡಿ, ಪುಟದೊಡನೆ ಸೇರಿಸಿ ಅರೆದು, ಬಂದ ಫಲ ಗೊತ್ತಾದ ಮಿತಿಗಿಂತ ಚಿಕ್ಕದಾಗಿದೆಯೇ ಎಂದು ನೋಡುತ್ತ ಹೋಗಬೇಕು. ಸಿಕ್ಕಿದವರಿಗೆ ಬಹುಮಾನವಾಗಿ ಹೊಸ ನಾಣ್ಯಗಳು ಹುಟ್ಟುತ್ತವೆ. ಚಿನ್ನದ ಗಣಿಯಲ್ಲಿ ಬಂಡೆಯನ್ನು ಪುಡಿಮಾಡಿ ಚಿನ್ನ ತೆಗೆಯುವ ದುಡಿಮೆಗೆ ಸತೋಶಿಯವರೇ ಇದನ್ನು ಹೋಲಿಸಿದರು. ಆದ್ದರಿಂದಲೇ ಇದಕ್ಕೆ ಗಣಿಗಾರಿಕೆ ಎಂದು ಹೆಸರಾಯಿತು. ಇಲ್ಲಿ ಬಂಡೆಯ ಬದಲು ಸಂಖ್ಯೆ, ಗುದ್ದಲಿಯ ಬದಲು ವಿದ್ಯುಚ್ಛಕ್ತಿ.

ಮೊದಲ ಪುಟ ಬರೆಯಲ್ಪಟ್ಟದ್ದು 2009ರ ಜನವರಿ 3ರಂದು. ಆಗ ಒಂದು ಪುಟಕ್ಕೆ 50 ನಾಣ್ಯಗಳ ಬಹುಮಾನ. 2,10,000 ಪುಟಗಳಾದಂತೆಲ್ಲ ಬಹುಮಾನವು ಅರ್ಧಕ್ಕಿಳಿಯಬೇಕೆಂಬುದು ನಿಯಮ. 2024ರ ಏಪ್ರಿಲಿನಲ್ಲಿ ನಾಲ್ಕನೆಯ ಸಲ ಅರ್ಧವಾಗಿ ಅದು 3.125ಕ್ಕೆ ಇಳಿಯಿತು. ಎಂದೆಂದಿಗೂ ಹುಟ್ಟಬಹುದಾದ ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಗಣಿಗಾರರು ಹೆಚ್ಚಿದರೆ ಲೆಕ್ಕ ತಾನಾಗಿ ಕಠಿನವಾಗುತ್ತದೆ, ಕಡಮೆಯಾದರೆ ಸಡಿಲವಾಗುತ್ತದೆ; 2,016 ಪುಟಗಳಿಗೊಮ್ಮೆ ಈ ತಿದ್ದುಪಡಿ ನಡೆಯುತ್ತದೆ. ಹೀಗಾಗಿ ಮೊದಮೊದಲು ಬಂದವರಿಗೆ ಅದು ನೆಲದ ಮೇಲೆ ಉದುರಿದ ಹುಣಸೆಹಣ್ಣನ್ನು ಆಯ್ದುಕೊಂಡಷ್ಟು ಸುಲಭವಾಗಿತ್ತು. ಮನೆಯಲ್ಲಿರುವ ಸಾಮಾನ್ಯ ಕಂಪ್ಯೂಟರೇ ಸಾಕಾಗಿತ್ತು. ಕ್ಯಾಲಿಫೋರ್ನಿಯದ ಹಾಲ್ ಫಿನ್ನಿ ಎಂಬ ತಂತ್ರಜ್ಞರು ಸತೋಶಿಯವರಿಂದ 10 ನಾಣ್ಯಗಳನ್ನು 2009ರ ಜನವರಿ 12ರಂದು ಪಡೆದರು. ಒಬ್ಬರಿಂದ ಒಬ್ಬರಿಗೆ ನಾಣ್ಯ ಸಂದದ್ದು ಅದೇ ಮೊದಲು. ಫಿನ್ನಿಯವರು ತಾವೂ ಕೆಲವು ದಿನ ಗಣಿ ನಡೆಸಿ, ಕಂಪ್ಯೂಟರು ಬಿಸಿಯಾಗುತ್ತದೆ, ಅದರ ಫ್ಯಾನಿನ ಗದ್ದಲ ತಾಳಲಾಗುವುದಿಲ್ಲ ಎಂದು ನಿಲ್ಲಿಸಿಬಿಟ್ಟರು. ಗಣಿಯ ಬಾಯಲ್ಲಿ ಕುಳಿತು ಸದ್ದು ಹೆಚ್ಚಾಯಿತೆಂದು ಎದ್ದುಹೋದ ಆ ಸಜ್ಜನಿಕೆಯನ್ನು ಕಂಡರೆ ನನಗೆ ಗೌರವವುಂಟಾಗುತ್ತದೆ. ನಾಣ್ಯಕ್ಕೆ ಆಗ ಬೆಲೆಯೇ ಇರಲಿಲ್ಲ. 2010ರ ಮೇ 22ರಂದು ಅಮೆರಿಕದ ಫ್ಲಾರಿಡದಲ್ಲಿ ಲಾಸ್ಲೊ ಹ್ಯಾನ್ಯೆಜ್ ಎಂಬವರು 10,000 ನಾಣ್ಯಗಳನ್ನು ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡು ತಿಂದರು. 2024ರ ಡಿಸೆಂಬರಿನಲ್ಲಿ ಒಂದೇ ಒಂದು ನಾಣ್ಯದ ಬೆಲೆ 1,00,000 ಡಾಲರನ್ನು ದಾಟಿತು. ಈ ಎರಡು ಸಂಗತಿಗಳ ನಡುವೆ ಇರುವುದು ಹದಿನೈದು ವರ್ಷಕ್ಕೂ ಕಡಮೆ.

ಬೆಲೆಯಿಲ್ಲದ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಆದ್ದರಿಂದಲೇ ಆ ಕಾಲದ ಎಷ್ಟೋ ಥೈಲಿಗಳು ಕಳೆದುಹೋದವು. ಥೈಲಿ ಎಂದೆನಾದರೂ ಅದರೊಳಗೆ ನಾಣ್ಯವಿರುವುದಿಲ್ಲ. ನಾಣ್ಯವು ಆ ಮಹಾಖಾತೆಯ ಪುಟದಲ್ಲಿ ಬರೆದ ಒಂದು ಸಾಲು. ಥೈಲಿಯಲ್ಲಿರುವುದು ಆ ಸಾಲಿನಲ್ಲಿರುವುದನ್ನು ಮತ್ತೊಬ್ಬರ ಹೆಸರಿಗೆ ಬರೆಸುವ ಹಕ್ಕು. ಆ ಹಕ್ಕೆಂಬುದು ಒಂದು ಗುಟ್ಟಿನ ಸಂಖ್ಯೆ, ಅಷ್ಟೆ. ಬರೆದರೆ 78 ಅಂಕಿಗಳವರೆಗೂ ಉದ್ದವಾಗುವ ಸಂಖ್ಯೆ. ಅದನ್ನು ಊಹಿಸಿ ಹಿಡಿಯುತ್ತೇನೆಂದು ಹೊರಡುವವನು ಸಮುದ್ರದ ಮರಳನ್ನು ಎಣಿಸಿ ಮುಗಿಸಿ ಬಂದರೂ ಇನ್ನೂ ಮೊದಲ ಮೆಟ್ಟಿಲಲ್ಲಿಯೇ ಇರುತ್ತಾನೆ. ಗುಟ್ಟಿನ ಸಂಖ್ಯೆಯನ್ನು ಕಂಪ್ಯೂಟರಿನ ಒಂದು ಸಣ್ಣ ಕಡತದಲ್ಲಿಟ್ಟು, ಆ ಕಡತಕ್ಕೆ ಪಾಸ್‌ವರ್ಡ್ ಎಂಬ ಎರಡನೆಯ ಬೀಗವನ್ನು ಹಾಕುವ ಅನುಕೂಲ 2011ರ ಸೆಪ್ಟೆಂಬರಿನಲ್ಲಿ ಬಂದಿತು. ಕಡತ ಕಳೆದರೆ ಒಂದು ಬಗೆಯ ಕಷ್ಟ. ಪಾಸ್‌ವರ್ಡ್ ಮರೆತರೆ ಇನ್ನೊಂದು ಬಗೆಯ ಕಷ್ಟ. ಎರಡಕ್ಕೂ ಒಂದೊಂದು ಪ್ರಸಿದ್ಧ ಉದಾಹರಣೆಯಿದೆ.

ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಪೋರ್ಟ್ ನಗರದ ಜೇಮ್ಸ್ ಹಾವೆಲ್ಸ್ ಎಂಬವರು 2009ರಲ್ಲಿಯೇ ಗಣಿ ನಡೆಸಿ ಸುಮಾರು 8,000 ನಾಣ್ಯಗಳನ್ನು ಗಳಿಸಿದ್ದರು. ಅವುಗಳ ಕೀಲಿಕೈ ಇದ್ದ ಹಾರ್ಡ್‌ಡಿಸ್ಕು 2013ರಲ್ಲಿ ಕಸದೊಡನೆ ಸೇರಿ ನಗರಸಭೆಯ ತಿಪ್ಪೆಯನ್ನು ಸೇರಿತು. ಅಂದಿನಿಂದ ಅವರು ತಿಪ್ಪೆಯನ್ನು ಅಗೆಯಲು ಅನುಮತಿ ಬೇಡುತ್ತ, ಸಿಕ್ಕಿದ್ದರಲ್ಲಿ ಪಾಲು ಕೊಡುತ್ತೇನೆನ್ನುತ್ತ ಬಂದರು, ನಗರಸಭೆ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟು ಅವರ ದಾವೆಯನ್ನು ವಜಾ ಮಾಡಿತು. ಎರಡನೆಯವರು ಸ್ಟೀಫನ್ ಥಾಮಸ್ ಎಂಬ ತಂತ್ರಜ್ಞರು. 2011ರಲ್ಲಿ ಬಿಟ್‌ಕಾಯಿನ್ನನ್ನು ವಿವರಿಸುವ ಒಂದು ಚಿತ್ರ ಮಾಡಿಕೊಟ್ಟದ್ದಕ್ಕೆ ಅವರಿಗೆ ನಾಣ್ಯಗಳು ದೊರೆತವು. ಅವುಗಳಲ್ಲಿ 7,002ರ ಕೀಲಿಕೈಯನ್ನು ಅವರು ಬಹು ಭದ್ರವಾದ ಒಂದು ಪುಟ್ಟ ಉಪಕರಣದಲ್ಲಿ ಇಟ್ಟರು. ಅದರ ಪಾಸ್‌ವರ್ಡನ್ನು ಬರೆದಿಟ್ಟ ಚೀಟಿ ಕಳೆಯಿತು. ಹತ್ತು ಸಲ ತಪ್ಪು ಹೇಳಿದರೆ ಉಪಕರಣವು ತನ್ನನ್ನು ತಾನೇ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಈ ಸಂಗತಿ ಲೋಕಕ್ಕೆ ತಿಳಿಯುವ ವೇಳೆಗೆ ಅವರು ಎಂಟು ಸಲ ಪ್ರಯತ್ನಿಸಿ ಆಗಿತ್ತು. ನಮ್ಮ ಪರೀಕ್ಷೆಗಳಲ್ಲಿ ಮತ್ತೆ ಕಟ್ಟುವ ಅವಕಾಶವಾದರೂ ಉಂಟು.

ಇವೆಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಆ ಮಹಾಖಾತೆ ಎಲ್ಲರಿಗೂ ತೆರೆದದ್ದು. ಆದ್ದರಿಂದ ಕೀಲಿಕೈ ಕಳೆದುಕೊಂಡವನೂ ತನ್ನ ಹಣ ಯಾವ ಸಾಲಿನಲ್ಲಿದೆ, ಎಷ್ಟಿದೆ ಎಂದು ದಿನವೂ ನೋಡಬಹುದು. ಬಾವಿಗೆ ಬಿದ್ದ ಸರವಾದರೆ ಕಣ್ಣಿಗೆ ಕಾಣದೆ ಕ್ರಮೇಣ ಮರೆತುಹೋಗುತ್ತದೆ. ಇದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಸರ. ಮುಟ್ಟುವ ಹಾಗಿಲ್ಲ, ಮರೆಯುವ ಹಾಗೂ ಇಲ್ಲ.

ನಮ್ಮ ಮಾವನ ಪಾಡೂ ಇದೇ ಆಗಿತ್ತು. 2011ರಲ್ಲಿ ಅವರು ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದರು. ಅವರೂ ಅವರ ಕೊಠಡಿಯ ಗೆಳೆಯರೂ ಹಣ ಕೂಡಿಸಿ ಆಟವಾಡುವುದಕ್ಕೆಂದು ಒಂದು ಗ್ರಾಫಿಕ್ಸ್ ಕಾರ್ಡನ್ನು ಕೊಂಡಿದ್ದರು. ಸಾಮಾನ್ಯ ಕಂಪ್ಯೂಟರಿಗಿಂತ ಈ ಕಾರ್ಡು ಗಣಿಯ ಕೆಲಸಕ್ಕೆ ಬಹು ಪಾಲು ಮೇಲೆಂದು ಅಷ್ಟರಲ್ಲಿ ಲೋಕಕ್ಕೆ ಗೊತ್ತಾಗಿತ್ತು. ಒಬ್ಬೊಬ್ಬರೇ ಅಗೆದರೆ ವರ್ಷವಾದರೂ ಏನೂ ಸಿಗದಿರಬಹುದೆಂದು, ನೂರಾರು ಜನ ಒಟ್ಟುಗೂಡಿ ಅಗೆದು, ಮಾಡಿದ ಕೆಲಸಕ್ಕೆ ತಕ್ಕಂತೆ ಹಂಚಿಕೊಳ್ಳುವ ಕೂಟಗಳೂ ಹುಟ್ಟಿದ್ದವು. ನಮ್ಮ ಕಡೆಯ ಮುಯ್ಯಾಳಿನ ಪದ್ಧತಿಯಂತೆಯೇ ಅನ್ನಿ. ಇವರಿಬ್ಬರೂ ಅಂಥದೊಂದು ಕೂಟವನ್ನು ಸೇರಿದರು. ಹಗಲು ತರಗತಿಗೆ ಹೋಗುವಾಗ ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ಬಾಗಿಲನ್ನು ಕಳಚಿ, ಮೇಜಿನ ಫ್ಯಾನನ್ನು ಅದಕ್ಕೆದುರಾಗಿ ತಿರುಗಿಸಿಟ್ಟು, ಬೀಗ ಹಾಕಿಕೊಂಡು ಹೋಗುತ್ತಿದ್ದರಂತೆ. ಫ್ಯಾನಿನ ಗಾಳಿ ತಮಗಿಲ್ಲ, ಯಂತ್ರಕ್ಕೆ! ಕರೆಂಟು ಹೋದರೆ ಗಣಿ ಮುಚ್ಚುತ್ತಿತ್ತು, ಬಂದರೆ ತೆರೆಯುತ್ತಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ನಾಣ್ಯವೊಂದಕ್ಕೆ 30 ಡಾಲರಿನ ಸಮೀಪವಿದ್ದ ಬೆಲೆ ನವೆಂಬರಿನ ವೇಳೆಗೆ ಸುಮಾರು 2 ಡಾಲರಿಗೆ ಕುಸಿಯಿತು. ಗಳಿಸಿದ್ದರಲ್ಲಿ ಬಹುಭಾಗವನ್ನು ಇವರು ಅಷ್ಟರಲ್ಲಿಯೇ ಕರಗಿಸಿದ್ದರು. ಉಳಿದದ್ದು ಒಂದು ನಾಣ್ಯಕ್ಕೂ ಕಡಮೆ. ಎಷ್ಟೆಂದು ಬರೆಯಕೂಡದೆಂದು ಮಾವನ ಕಟ್ಟಪ್ಪಣೆಯಾಗಿದೆ. ಅಂದಿನ ಬೆಲೆಯಲ್ಲಿ ಅದು ಇಬ್ಬರ ಒಂದು ಹೊತ್ತಿನ ಹೋಟೆಲಿನ ಊಟವೂ ಆಗುತ್ತಿರಲಿಲ್ಲ.

ಆದರೂ ಅದಕ್ಕೊಂದು ಬೀಗ ಹಾಕಿದರು, ಅದೂ ವಿನೋದವಾಗಿ. ಪಾಸ್‌ವರ್ಡಿನ ಮೊದಲರ್ಧವನ್ನು ಮಾವ ಬೆರಳಚ್ಚಿಸುವುದು, ಗೆಳೆಯರು ಗೋಡೆಯ ಕಡೆ ನೋಡುವುದು. ಎರಡನೆಯ ಅರ್ಧವನ್ನು ಗೆಳೆಯರು ಬೆರಳಚ್ಚಿಸುವುದು, ಮಾವ ಗೋಡೆಯ ಕಡೆ ನೋಡುವುದು. ಒಬ್ಬರನ್ನು ಬಿಟ್ಟು ಒಬ್ಬರು ತೆಗೆಯಕೂಡದು. ಯಾರನ್ನೂ ನಂಬಬೇಕಿಲ್ಲದ ನಾಣ್ಯಕ್ಕೆ ಒಪ್ಪುವ ಬೀಗವೇ ಸರಿ.

ಓದು ಮುಗಿದ ಮೇಲೆ ಇಬ್ಬರೂ ಪಾಲುದಾರಿಕೆಯಲ್ಲಿ ಕಂಪ್ಯೂಟರ್ ಅಂಗಡಿ ತೆರೆದರು. ಎರಡು ವರ್ಷದಲ್ಲಿ ಅದು ಮುಚ್ಚಿತು. ನಷ್ಟವನ್ನು ಹಂಚಿಕೊಳ್ಳುವಾಗ ಮಾತಿಗೆ ಮಾತು ಬೆಳೆಯಿತು. ಲಾಭವನ್ನು ಹಂಚಿಕೊಳ್ಳುವಾಗ ಜಗಳವಾಡಿದವರು ಮತ್ತೆ ಸೇರುವುದುಂಟು, ನಷ್ಟ ಹಂಚಿಕೊಂಡು ಜಗಳವಾಡಿದವರು ಸೇರುವುದು ಅಪರೂಪ. ಮಾವನ ಮದುವೆಗೆ ಅವರಿಗೆ ಕರೆಯೋಲೆ ಹೋಗಲಿಲ್ಲ. ಅವರ ತಂದೆ ತೀರಿಕೊಂಡ ಸುದ್ದಿ ಮಾವನಿಗೆ ಮೂರನೆಯವರಿಂದ ತಿಳಿಯಿತು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಳೆದಿತ್ತು.

ನಾಣ್ಯದ ಬೆಲೆ ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ಮಾವ ಅಟ್ಟ ಹತ್ತಿದರು. ಹಳೆಯ ಕಂಪ್ಯೂಟರು ಸತ್ತಿತ್ತು. ಅದರ ಹಾರ್ಡ್‌ಡಿಸ್ಕು ಮಾತ್ರ ಜೀವದಿಂದಿತ್ತು. ಕಡತ ಸಿಕ್ಕಿತು. ಇಂಥ ಕೆಲಸದಲ್ಲಿ ಮೊದಲ ನಿಯಮ ಮೂಲವನ್ನು ಮುಟ್ಟಬಾರದು, ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡಬೇಕು ಎಂಬುದು. ಹಳೆಯ ಓಲೆಗರಿಗಳ ವಿಚಾರದಲ್ಲಿ ನಮ್ಮ ಕನ್ನಡ ಅಧ್ಯಾಪಕರು ಹೇಳುವುದೂ ಇದನ್ನೇ. ಮಾವ ಹಾಗೆಯೇ ಮಾಡಿದರು. ತಮ್ಮ ಅರ್ಧ ಅವರಿಗೆ ಚೆನ್ನಾಗಿ ನೆನಪಿತ್ತು. ಉಳಿದ ಅರ್ಧವನ್ನು ಯಂತ್ರದಿಂದಲೇ ಊಹೆ ಮಾಡಿಸಿ ಹಿಡಿಯುತ್ತೇನೆಂದು ಹೊರಟರು. ಆ ಕಡತದ ರಚನೆ ಹೇಗಿದೆಯೆಂದರೆ, ಒಂದೊಂದು ಊಹೆಯನ್ನೂ ಕಡೆಯಪಕ್ಷ 25,000 ಸಲ ಅರೆದ ಮೇಲಲ್ಲದೆ ಅದು ಸರಿಯೋ ತಪ್ಪೋ ತಿಳಿಯದು. ಊಹಿಸುವವನನ್ನು ನಿಧಾನಗೊಳಿಸುವುದೇ ಇದರ ಉದ್ದೇಶ. ಗೆಳೆಯರ ಅರ್ಧ ಬರಿಯ ಹತ್ತು ಸಣ್ಣಕ್ಷರಗಳೆಂದು ಇಟ್ಟುಕೊಂಡರೂ 141 ಲಕ್ಷ ಕೋಟಿ ಬಗೆಯ ಜೋಡಣೆಗಳು ಸಾಧ್ಯ. ಸೆಕೆಂಡಿಗೆ ಒಂದು ಸಾವಿರ ಊಹೆ ಮಾಡಿದರೆ ಎಲ್ಲವನ್ನೂ ನೋಡಿ ಮುಗಿಸಲು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಮಾವನ ಮನೆಯ ಸಾಲದ ಕಂತಿಗಾದರೋ ಪ್ರತಿ ತಿಂಗಳೂ ಐದನೆಯ ತಾರೀಖೇ ಗಡುವು.

ಕಳೆದ ಪಾಸ್‌ವರ್ಡನ್ನು ಕಂಡುಹಿಡಿದುಕೊಡುತ್ತೇವೆ, ಪಾಲು ಕೊಟ್ಟರೆ ಸಾಕು ಎನ್ನುವವರು ಲೋಕದಲ್ಲಿದ್ದಾರೆ. ಪ್ರಾಮಾಣಿಕರೂ ಇದ್ದಾರೆ, ಕಡತ ಕೈಸೇರಿದ ಮೇಲೆ ಕಣ್ಮರೆಯಾಗುವವರೂ ಇದ್ದಾರೆ. ಆ ಗುಂಪಿನಲ್ಲಿ ಹೆಸರಾಂತವರು ಅಮೆರಿಕದ ಜೋ ಗ್ರ್ಯಾಂಡ್. 2024ರಲ್ಲಿ ಬೆಳಕಿಗೆ ಬಂದ ಅವರ ಒಂದು ಸಾಹಸವನ್ನು ಮಾವ ನನಗೆ ಹೇಳಿದರು. ಯೂರೋಪಿನ ಒಬ್ಬರ 43.6 ನಾಣ್ಯಗಳಿಗೆ 20 ಅಕ್ಷರಗಳ ಪಾಸ್‌ವರ್ಡ್. ಅದನ್ನು ಮನುಷ್ಯರು ಕಟ್ಟಿದ್ದಲ್ಲ, 2013ರಲ್ಲಿ ಒಂದು ತಂತ್ರಾಂಶ ಕಟ್ಟಿಕೊಟ್ಟದ್ದು. ಆ ತಂತ್ರಾಂಶದ ಹಳೆಯ ಆವೃತ್ತಿಯು ಮನಬಂದಂತೆ ಅಕ್ಷರ ಆರಿಸುತ್ತೇನೆಂದು ತೋರಿಸಿಕೊಂಡು, ಒಳಗೊಳಗೆ ಕಂಪ್ಯೂಟರಿನ ಗಡಿಯಾರವನ್ನು ನೋಡಿ ಆರಿಸುತ್ತಿತ್ತು. ಗ್ರ್ಯಾಂಡ್ ಅವರೂ ಜರ್ಮನಿಯ ಅವರ ಗೆಳೆಯರೂ ಇದನ್ನು ಪತ್ತೆಮಾಡಿ, ಯಂತ್ರದ ಕಾಲವನ್ನು 2013ಕ್ಕೆ ತಿರುಗಿಸಿ, ಅಂದು ಅದು ಏನೇನು ಕೊಡಬಹುದಾಗಿತ್ತೋ ಅದನ್ನೆಲ್ಲ ಮತ್ತೆ ಕೊಡುವಂತೆ ಮಾಡಿದರು. ಆದರೆ ಯಾವ ದಿನ? ಅದನ್ನು ಒಡೆಯರೇ ನೆನಪು ಮಾಡಿಕೊಳ್ಳಬೇಕು. ಅವರು ಹೇಳಿದ ದಿನಗಳಲ್ಲಿ ಸಿಗಲಿಲ್ಲ. ಅವರನ್ನು ಮತ್ತೆ ಮತ್ತೆ ಕೇಳಿ ಕಾಡಬೇಕಾಯಿತು. ಕೊನೆಗೆ ಸಿಕ್ಕಿದ್ದು 2013ರ ಮೇ 15ರಂದು, ಗ್ರೀನಿಚ್ ಕಾಲಮಾನ ಸಂಜೆ 4 ಗಂಟೆ 10 ನಿಮಿಷ 40 ಸೆಕೆಂಡಿಗೆ ಹುಟ್ಟಿದ ಪಾಸ್‌ವರ್ಡ್. ಹೆಸರು ಬಂದದ್ದು ಯಂತ್ರವಿದ್ಯೆಗೆ. ಆದರೆ ಮನುಷ್ಯರು ಮನುಷ್ಯರನ್ನು ಕೇಳಿ ಪಡೆದ ನೆನಪಿಲ್ಲದೆ ಆ ವಿದ್ಯೆ ಎಲ್ಲಿ ಅಗೆಯಬೇಕಾಗಿತ್ತು?

ಮಾವ ಈ ಕಥೆಯನ್ನು ಹೇಳಿದ್ದು ಬೇರೆ ಅರ್ಥದಲ್ಲಿ. ‘ನೋಡು, ಜಾಣತನವಿದ್ದರೆ ಎಲ್ಲವೂ ಆಗುತ್ತದೆ’ ಎಂದರು. ಗೆಳೆಯರ ಅರ್ಧ ಕನ್ನಡದ ಮಾತೇ ಇರಬೇಕು, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರಬೇಕು ಎಂಬುದು ಅವರ ತರ್ಕ. ಆದ್ದರಿಂದ ಕಲಾವಿಭಾಗದ ನನಗೆ ಜೀವನದಲ್ಲಿ ಮೊದಲ ಸಲ ತಾಂತ್ರಿಕ ಉದ್ಯೋಗ ದೊರೆಯಿತು. ಗಾದೆಗಳು, ಊರುಗಳು, ದೇವರುಗಳು, ಸಿನಿಮಾ ಹೆಸರುಗಳು, ಬೈಗುಳಗಳು ಎಲ್ಲವನ್ನೂ ಪಟ್ಟಿಮಾಡಬೇಕು. ಒಂದೊಂದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟು ಬಗೆಯಾಗಿ ಬರೆಯಬೇಕು. ನಮ್ಮ ನುಡಿಯ ವೈಭವ ನನಗೆ ತಿಳಿದದ್ದು ಆಗಲೇ. ‘ಊಟ’ ಎಂಬ ಎರಡಕ್ಷರದ ಮಾತಿದೆಯಲ್ಲ, ಅದರ ‘ಊ’ಕಾರಕ್ಕೆ ಒಬ್ಬರು ಎರಡು ‘ಓ’ ಇಟ್ಟರೆ ಇನ್ನೊಬ್ಬರು ಒಂದೇ ‘ಯು’ ಇಡುತ್ತಾರೆ, ಮತ್ತೊಬ್ಬರು ಎರಡು ‘ಯು’ ಇಡುತ್ತಾರೆ. ‘ತ’ಕಾರಕ್ಕೆ ಒಬ್ಬರಿಗೆ ‘ಟಿ’ ಒಂದೇ ಸಾಕು, ಮತ್ತೊಬ್ಬರಿಗೆ ‘ಎಚ್’ ಜೊತೆಗಿರಬೇಕು. ಕಾಗುಣಿತ ಕಲಿತವನಿಗೆ ಕನ್ನಡದಲ್ಲಿ ಒಂದೇ ದಾರಿ; ಇಂಗ್ಲಿಷ್ ಅಕ್ಷರಕ್ಕಿಳಿದರೆ ನೂರು ದಾರಿ. ನಾನು ಬರೆದ ಸುಮಾರು ಮುನ್ನೂರು ಮಾತುಗಳು ಈ ರೀತಿ ಮರಿಹಾಕಿ ಲಕ್ಷಗಳಾದವು. ಎರಡು ವಾರ ಯಂತ್ರ ತಿರುಗಿತು. ಬೀಗ ಮಾತ್ರ ಮಿಸುಕಲಿಲ್ಲ.

ಇಷ್ಟನ್ನೂ ಪಡಸಾಲೆಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ ನೋಡುತ್ತಿದ್ದ ನಮ್ಮ ಅಜ್ಜಿ ಒಂದು ಸಂಜೆ, ‘ಆ ಹುಡುಗನಿಗೆ ಗೊತ್ತಿದೆ ಅನ್ನುತ್ತೀರಿ. ಅವನನ್ನೇ ಯಾಕೆ ಕೇಳಬಾರದು?’ ಎಂದರು. ಕೋಣೆ ಒಂದು ಗಳಿಗೆ ಸ್ತಬ್ಧವಾಯಿತು. ನಾಲ್ಕು ಸಾವಿರ ವರ್ಷದ ಲೆಕ್ಕವನ್ನು ನಾನೂ ಮಾವನೂ ಮಾಡಿದ್ದೆವು. ಐದು ನಿಮಿಷದ ಈ ಲೆಕ್ಕ ನಮಗಿಬ್ಬರಿಗೂ ತಿಳಿಯದ್ದಲ್ಲ, ಬಾಯಿಗೆ ಬಾರದ್ದು. ಮಾವ ಎದ್ದು ಹೊರಗೆ ಹೋದರು. ಮೂರು ದಿನ ಆ ಮಾತನ್ನು ಯಾರೂ ಎತ್ತಲಿಲ್ಲ. ಯಂತ್ರದ ಮುಂದೆ ಎಷ್ಟು ಸಲ ಸೋತರೂ ಮಾನ ಹೋಗುವುದಿಲ್ಲ. ಮನುಷ್ಯನ ಮುಂದೆ ಒಂದು ಸಲ ಬಾಗುವುದು ಅದಕ್ಕಿಂತ ಕಷ್ಟ.

ನಾಲ್ಕನೆಯ ದಿನ ಮಾವ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. ಗೆಳೆಯರು ಮೊದಲು ಕೇಳಿದ್ದು ನಾಣ್ಯದ ಮಾತನ್ನಲ್ಲ, ಅಂಗಡಿಯ ಮಾತನ್ನೂ ಅಲ್ಲ. ‘ಅಮ್ಮ ಹೇಗಿದ್ದಾರೆ?’ ಎಂದರು. ಹಾಸ್ಟೆಲಿಗೆ ಬಾಗಿಲು ಹಾಕಿದ ದಿನಗಳಲ್ಲಿ ಅವರು ನಮ್ಮ ಅಜ್ಜಿಯ ಕೈಯೂಟ ಉಂಡವರು. ಮಾವ ಉತ್ತರ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.

ಅವರು ಮುಂದಿನ ಭಾನುವಾರ ಬಂದರು. ಅವರಿಗೂ ಪಾಸ್‌ವರ್ಡ್ ನೆನಪಿರಲಿಲ್ಲ! ಹದಿಮೂರು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ? ಆದರೆ ಅಜ್ಜಿ ಬಡಿಸುತ್ತಿದ್ದಾಗ, ಇಬ್ಬರೂ ಹಾಸ್ಟೆಲಿನ ಊಟವನ್ನು ನೆನೆದು ನಗಲಾರಂಭಿಸಿದರು. ಅಲ್ಲಿನ ಅಡಿಗೆಯವರೊಬ್ಬರು ಎಂಟು ಗಂಟೆ ಬಡಿದ ಕೂಡಲೆ, ಪಾತ್ರೆಯಲ್ಲಿ ಇರಲಿ ಇಲ್ಲದಿರಲಿ, ‘ಸಾರು ಮುಗೀತು’ ಎಂದು ಕೂಗಿಬಿಡುತ್ತಿದ್ದರಂತೆ. ಗೆಳೆಯರು ತುತ್ತನ್ನು ಕೈಯಲ್ಲಿಯೇ ಹಿಡಿದು ಸುಮ್ಮನಾದರು. ‘ಅದೇ’ ಎಂದರು.

ಮಾತು ನೆನಪಾಯಿತು, ಹೇಗೆ ಬರೆದಿದ್ದರೆಂಬುದು ನೆನಪಾಗಲಿಲ್ಲ. ಆಗ ನನ್ನ ವಿದ್ಯೆ ಕೆಲಸಕ್ಕೆ ಬಂದಿತು. ‘ಸಾ’ಕ್ಕೆ ಎರಡು ಬಗೆ, ‘ರು’ವಿಗೆ ಎರಡು, ‘ಮು’ವಿಗೆ ಎರಡು, ‘ಗೀ’ಗೆ ಮೂರು, ‘ತು’ವಿಗೆ ನಾಲ್ಕು, ನಡುವೆ ಜಾಗ ಬಿಟ್ಟದ್ದು ಬಿಡದ್ದು, ಮೊದಲಕ್ಷರ ದೊಡ್ಡದು ಚಿಕ್ಕದು, ಎಲ್ಲವೂ ಸೇರಿ 384. ಯಂತ್ರಕ್ಕೆ ಅದು ಒಂದು ಸೆಕೆಂಡಿನ ಕೆಲಸವೂ ಆಗಲಿಲ್ಲ. ಬೀಗ ತೆರೆಯಿತು. ಕಡೆಯ ‘ತು’ ಎಂಬುದನ್ನು ಅವರು ‘ಟಿ’, ‘ಎಚ್’ ಮತ್ತು ಎರಡು ‘ಓ’ ಇಟ್ಟು ಬರೆದಿದ್ದರು. ಇಂಗ್ಲಿಷಿನವರು ಓದಿದರೆ ‘ಥೂ’ ಎಂದು ಉಗಿದಂತೆ ಕೇಳಬೇಕು. ಹತ್ತು ವರ್ಷ ಮಾತನಾಡದವರಿಬ್ಬರೂ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನೀರು ಬಂದದ್ದು ನಗುವಿನಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಯಾವ ಕೋಶದಲ್ಲಿಯೂ, ಯಾವ ಗಾದೆಯ ಪುಸ್ತಕದಲ್ಲಿಯೂ ಆ ಮಾತು ಇರಲಿಲ್ಲ. ಅದು ಇಬ್ಬರು ಒಟ್ಟಿಗೆ ಹಸಿದಿದ್ದಾಗ ಕೇಳಿದ ಮಾತು. ಇಬ್ಬರೂ ಕೂಡಿದಲ್ಲದೆ ಮರಳಿ ಬರುವಂತಿರಲಿಲ್ಲ.

ಸರ್ಕಾರವು 2022ರಿಂದ ಇಂಥ ಲಾಭದ ಮೇಲೆ ಹಾಕಿರುವ ಶೇಕಡ 30ರ ತೆರಿಗೆಯನ್ನು ಕಟ್ಟಿ, ಉಳಿದದ್ದನ್ನು ಇಬ್ಬರೂ ಸಮನಾಗಿ ಹಂಚಿಕೊಂಡರು. ಈ ಸಲದ ಹಂಚಿಕೆಯಲ್ಲಿ ಮಾತು ಬೆಳೆಯಲಿಲ್ಲ. ಮಾವನ ಮನೆಯ ಸಾಲದಲ್ಲಿ ದೊಡ್ಡ ಭಾಗ ತೀರಿತು. ಒಂದು ಸಣ್ಣ ಅಂಶವನ್ನು ಮಾತ್ರ ನೆನಪಿಗೆಂದು ನಾಣ್ಯವಾಗಿಯೇ ಇಟ್ಟಿದ್ದಾರೆ. ಈಗ ಪಾಸ್‌ವರ್ಡಿನ ತೊಡಕಿಲ್ಲ. 2013ರಲ್ಲಿ ಬಂದ ಪದ್ಧತಿಯಂತೆ 2,048 ಪದಗಳ ಒಂದು ಪಟ್ಟಿಯಿಂದ ಯಂತ್ರವು ಹನ್ನೆರಡು ಪದಗಳನ್ನು ಆರಿಸಿಕೊಡುತ್ತದೆ. ಅವನ್ನು ಕ್ರಮವಾಗಿ ಬರೆದಿಟ್ಟುಕೊಂಡರೆ ಥೈಲಿ ಎಲ್ಲಿ ಹಾಳಾದರೂ ಮತ್ತೆ ಕಟ್ಟಿಕೊಳ್ಳಬಹುದು. ಒಂದು ಪದ ಅಳಿಸಿಹೋದರೆ 2,048 ಸಲ ಪ್ರಯತ್ನಿಸಿದರೆ ಸಾಕು. ಪದಗಳೆಲ್ಲ ಇದ್ದು ಕ್ರಮ ತಪ್ಪಿದರೆ 47 ಕೋಟಿ 90 ಲಕ್ಷ ಬಗೆಗಳನ್ನು ನೋಡಬೇಕು. ಜಪಾನಿ, ಕೊರಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಈ ಪಟ್ಟಿಯಿದೆ. ಆ ಮೂಲಯೋಜನೆಯಲ್ಲಿ ಕನ್ನಡದ್ದಿಲ್ಲ. ನಮ್ಮ ಕನ್ನಡ ಸಂಘದವರು ಮನಸ್ಸು ಮಾಡಿದರೆ ಸಾಮಾನ್ಯವಾದ 2,048 ಪದಗಳನ್ನು ಆರಿಸುವುದು ಕಷ್ಟವಾಗಲಾರದು. ಆ ಹನ್ನೆರಡು ಪದಗಳ ಒಂದು ಪ್ರತಿ ಅಜ್ಜಿಯ ದೇವರ ಪೆಟ್ಟಿಗೆಯಲ್ಲಿದೆ; ಇನ್ನೊಂದು, ಪೂರ್ತಿ ಹನ್ನೆರಡೂ, ಗೆಳೆಯರ ಮನೆಯಲ್ಲಿದೆ. ಗೋಡೆಯ ಕಡೆ ನೋಡುವ ಏರ್ಪಾಡನ್ನು ಇಬ್ಬರೂ ಕೈಬಿಟ್ಟಿದ್ದಾರೆ.

ಸತೋಶಿಯವರ ಗಣಿತದಲ್ಲಿ ದೋಷವಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಗುರುತಿಲ್ಲದ ಇಬ್ಬರ ನಡುವೆ, ಬ್ಯಾಂಕಿನ ಹಂಗಿಲ್ಲದೆ, ನಂಬಿಕೆಯ ಮಾತೇ ಇಲ್ಲದೆ ಹಣ ದಾಟಿಸುವ ಉಪಾಯವನ್ನು ಅವರು ಕಂಡುಹಿಡಿದದ್ದು ನಿಜ. ದಾಟುವುದು ಹತ್ತು ನಿಮಿಷದ ಕೆಲಸ. ಇಟ್ಟುಕೊಳ್ಳುವುದಾದರೋ ವರ್ಷಗಳ ಕೆಲಸ. ಅಷ್ಟರಲ್ಲಿ ಮನುಷ್ಯನು ಮರೆಯುತ್ತಾನೆ, ಮನೆ ಬದಲಾಯಿಸುತ್ತಾನೆ, ಜಗಳವಾಡುತ್ತಾನೆ, ಮುದುಕನಾಗುತ್ತಾನೆ, ಸಾಯುತ್ತಾನೆ. ಹಾಲ್ ಫಿನ್ನಿಯವರು ನರಗಳ ಕಾಯಿಲೆಯಿಂದ ದೇಹವೆಲ್ಲ ಸ್ತಬ್ಧವಾಗಿ, ಕಣ್ಣಿನ ಚಲನೆಯಿಂದಲೇ ಬರೆಯುತ್ತಿದ್ದ 2013ರಲ್ಲಿಯೂ, ತಮ್ಮ ನಾಣ್ಯಗಳು ತಮ್ಮ ಮಕ್ಕಳಿಗೆ ತಲುಪುವ ಏರ್ಪಾಡನ್ನು ಮಾಡಿದ್ದೇನೆಂದು ತಿಳಿಸಿದರು; 2014ರಲ್ಲಿ ತೀರಿಕೊಂಡರು. ನಾಣ್ಯವನ್ನು ಮೊದಲು ಪಡೆದವರೇ ಅದನ್ನು ಕಡೆಗೆ ಒಪ್ಪಿಸಬೇಕಾದದ್ದು ಯಂತ್ರಕ್ಕಲ್ಲ, ಮನೆಯವರಿಗೆ. ಸಹಪಾಠಿಗಳಲ್ಲಿ ಯಾರಾದರೂ ಈ ಗಣಿಗೆ ಇಳಿಯುವುದಾದರೆ, ಅಥವಾ ಇನ್ನಾವುದೇ ಗುಟ್ಟಿನ ಗಂಟನ್ನು ಕಟ್ಟಿಡುವುದಾದರೆ, ಮೊದಲು ತಮ್ಮ ಸುತ್ತ ಇರುವವರಲ್ಲಿ ಒಬ್ಬರನ್ನಾದರೂ ಅದಕ್ಕೆ ಸಾಕ್ಷಿಯಾಗಿ ಆರಿಸಿಕೊಳ್ಳಲಿ. ಆರಿಸಿಕೊಂಡವರೊಡನೆ ಮಾತು ಬಿಡದಿರಲಿ.